ನಮ್ಮತ್ತೆಯ ರಿವರ್ಸ್ ಗೇರು

ಕೊಟ್ಟೂರಿನಿಂದ ಹರಪನಹಳ್ಳಿಗೆ ನಮ್ಮತ್ತೆ ಅರ್ಧ ಗಂಟೆಯಲ್ಲಿ ಕಾರು ಓಡಿಸಿಕೊಂಡು ಹೋಗುತ್ತಿದ್ದಳು. ಆದರೆ ತನ್ನ ಮನೆಯ ಅಂಗಳದಿಂದ ರಸ್ತೆಗೆ ಬರಲು ಅವಳಿಗೆ ಒಂದು ಗಂಟೆ ಬೇಕಾಗುತ್ತಿತ್ತು! ಇದು ಉತ್ಪ್ರೇಕ್ಷೆ ಎನ್ನುವವರು ನಮ್ಮ ಓಣಿಯಲ್ಲಿ ಯಾರೂ ಇರಲಿಲ್ಲ. ಇದ್ದವರೆಲ್ಲ, "ಒಂದೇ ತಾಸು ಅಂತ ಯಾರು ಹೇಳಿದ್ರು ನಿಮಗ?" ಎಂದು ತಿರುಗಿ ಕೇಳುವವರೇ. ಬೆಳಗಿನ ಬಸ್ಸಿಗೆ ಹೊರಟವರು ಕೂಡ್ಲಿಗಿ ಮುಟ್ಟಿ, ಕಚೇರಿಯ ಕೆಲಸ ಮುಗಿಸಿ, ಚಹಾ ಕುಡಿಯುವ ಹೊತ್ತಿಗೆ ಇತ್ತ ನಮ್ಮತ್ತೆಯ ಕಾರಿನ ಹಿಂದಿನ ಗಾಲಿಗಳು ಗೇಟು ದಾಟಿರುತ್ತಿದ್ದವು. ಮುಂದಿನ ಗಾಲಿಗಳ ಸುದ್ದಿ ಆಮೇಲೆ.

ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹಡಗಲಿಯಿಂದ ಕೊಟ್ಟೂರಿಗೆ ಪಿಯುಸಿ ಓದಲು ಬಂದು ಅವಳ ಮನೆಯಲ್ಲಿ ಇಳಿದುಕೊಂಡವಳು, ಡಿಗ್ರಿ ಮುಗಿಯುವವರೆಗೂ ಅಲ್ಲಾಡಲಿಲ್ಲ. ಮಾವನದು ಬಜಾರಿನಲ್ಲಿ ಬಾಂಡೆ ಸಾಮಾನಿನ ಅಂಗಡಿ. ಸ್ಟೀಲಿನ ಲೋಟದಿಂದ ಹಿಡಿದು ಮದುವೆ ಮನೆಯ ಕೊಳಗದವರೆಗೆ ಎಲ್ಲ ಪಾತ್ರೆಯೂ ಅಲ್ಲಿ ಸಿಗುತ್ತಿತ್ತು. ಸಂತೆಗಳಿಗೆ ಸಾಮಾನು ಒಯ್ಯಲು ಅನುಕೂಲವಾಗಲಿ ಎಂದು ಮಾವ ಒಂದು ಹಳೇ ಕಾರು ತಂದರು. ಬೆಳ್ಳಗೆ, ದುಂಡು ಬೆನ್ನಿನ ಕಾರು. ಯಾವುದೆಂದು ಹೇಳುವ ಅಗತ್ಯವಿಲ್ಲ, ಆಗ ದೊಡ್ಡ ಸಾಹೇಬರೂ ಮದುವೆಯ ಗಂಡೂ ಅದರಲ್ಲೇ ಬರುತ್ತಿದ್ದರು. ಕಲಿಯಲು ಶುರು ಮಾಡಿದ ವಾರದಲ್ಲೇ ಮಾವ ಅದನ್ನು ಸಂತೆಯ ಉಳ್ಳಾಗಡ್ಡಿ ರಾಶಿಗೆ ನುಗ್ಗಿಸಿದರು. ಮನೆಗೆ ನಡೆದುಕೊಂಡು ಬಂದು, ಕೀಲಿಕೈಯನ್ನು ಅತ್ತೆಯ ಮುಂದೆ ಇಟ್ಟು, "ಇದು ನನಗ ಒಗ್ಗೋದಿಲ್ಲ, ನೀ ನೋಡ್ಕೊ" ಅಂದರು.

ಅತ್ತೆ ನೋಡಿಕೊಂಡಳು. ಎಂಥಾ ನೋಡಿಕೊಂಡಳು ಅಂತೀರಿ! ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬೆನ್ನಿಗೆ ಹತ್ತಿಯ ದಿಂಬು ಇಟ್ಟುಕೊಂಡು, ಹಣೆಯ ತುಂಬ ವಿಭೂತಿ ಹಚ್ಚಿಕೊಂಡು ಸ್ಟೇರಿಂಗು ಹಿಡಿದಳೆಂದರೆ ಎದುರಿಗೆ ಬರುವ ಲಾರಿಯವರೇ ದೀಪ ಹಾಕಿ ನಮಸ್ಕಾರ ಮಾಡುತ್ತಿದ್ದರು. ಹೊಸಹಳ್ಳಿ ಸಂತೆ, ಹಂಪಸಾಗರದ ಮದುವೆ, ಹಗರಿಬೊಮ್ಮನಹಳ್ಳಿಯ ಬಜಾರು, ಎಲ್ಲ ಕಡೆ ಅವಳೇ. ಸಂತೆಯಲ್ಲಿ ಪಾತ್ರೆ ಕೊಳ್ಳುವವರಿಗಿಂತ ಅವಳು ಕಾರಿನಿಂದ ಇಳಿಯುವುದನ್ನು ನೋಡಲು ಬಂದವರೇ ಹೆಚ್ಚು. ಹಾಗೆ ನೋಡಲು ಬಂದವರು ನಾಚಿಕೆಗಾದರೂ ಒಂದು ಲೋಟ ಕೊಂಡು ಹೋಗುತ್ತಿದ್ದರು. ಕಾಲೇಜಿನಲ್ಲಿ ಗೆಳತಿಯರು, "ಕಾರು ಹೊಡೆಯೋರು ನಿಮ್ಮತ್ತೀನ ಏನಲೇ?" ಎಂದು ಕೇಳಿದಾಗ, ಆ ಕಾರನ್ನು ನಾನೇ ಹೊಡೆಯುತ್ತಿದ್ದೇನೆ ಎಂಬಂತೆ ಕುತ್ತಿಗೆ ಎತ್ತುತ್ತಿದ್ದೆ.

ಹಾಗಾದರೆ ಅಂಗಳದಿಂದ ಹೊರಗೆ ಬರಲು ಒಂದು ಗಂಟೆ ಯಾಕೆ? ಅದಕ್ಕೆ ಕಾರಣ ಇಬ್ಬರು. ಒಬ್ಬಳಿಗೆ ಎಂಬತ್ತು ದಾಟಿತ್ತು, ಇನ್ನೊಬ್ಬಳಿಗೆ ನಾಲ್ಕು ತುಂಬಿರಲಿಲ್ಲ.

ಮೊದಲು ಎಂಬತ್ತರ ಕಥೆ. ಅತ್ತೆಯ ಮನೆ ಹಳೇ ಮಾಳಿಗೆ ಮನೆ. ಅದರ ಮುಂದೆ, ಹಿಂದೆಲ್ಲ ಎತ್ತಿನ ಬಂಡಿ ನಿಲ್ಲಿಸುತ್ತಿದ್ದ ಸಣ್ಣ ಅಂಗಳ. ಸುತ್ತ ಆಳೆತ್ತರದ ಕಲ್ಲಿನ ಗೋಡೆ. ಗೇಟು ದಾಟಿದರೆ ನೇರ ರಸ್ತೆ. ಅಂಗಳದೊಳಗೆ ಕಾರು ತಿರುಗಿಸಲು ಜಾಗವಿಲ್ಲ. ಒಂದೋ, ಸಂಜೆ ಬರುವಾಗಲೇ ಹಿಮ್ಮುಖವಾಗಿ ತಂದು ನಿಲ್ಲಿಸಬೇಕು. ಇಲ್ಲವೇ, ಬೆಳಿಗ್ಗೆ ಹೋಗುವಾಗ ಹಿಮ್ಮುಖವಾಗಿ ತೆಗೆಯಬೇಕು. ಬುದ್ಧಿ ಇರುವ ಯಾರಾದರೂ ಮೊದಲನೆಯದನ್ನೇ ಮಾಡುತ್ತಾರೆ. ಅತ್ತೆಗೂ ಬುದ್ಧಿ ಇತ್ತು. ಆದರೆ ಅತ್ತೆಗೆ ಒಬ್ಬಳು ಅತ್ತೆಯೂ ಇದ್ದಳು!

ಆ ದೊಡ್ಡ ಅತ್ತೆಯನ್ನು ನಾವು ಅಜ್ಜಿ ಎನ್ನುತ್ತಿದ್ದೆವು. ಕಾರು ಮೊದಲ ಸಲ ಮನೆಗೆ ಬಂದ ದಿನ, ತಂದು ಬಿಡಲು ಬಂದಿದ್ದ ಡ್ರೈವರು ಪಾಪ, ತಿಳಿದವನು. ಗೇಟಿನ ಮುಂದೆ ಕಾರು ತಿರುಗಿಸಿ ಹಿಂದಕ್ಕೆ ಬಿಡತೊಡಗಿದ. ಗಾಲಿಗೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆಯಲು ನಿಂತಿದ್ದ ಅಜ್ಜಿ ಕೋಲು ಎತ್ತಿದಳು.

"ತಡೀಯೋ ತಮ್ಮ. ಇದೇನು ಬೆನ್ನು ಮುಂದ ಮಾಡಿ ತರಾಕ ಹತ್ತೀಯಲ್ಲ?"

"ಇಲ್ಲಬೇ ಯವ್ವಾ, ನಾಳಿ ತೆಗಿಯಾಕ ಹಗುರ ಆಗತೈತಿ."

"ಹೊಸಾ ಸೊಸಿ ಮನಿ ತುಂಬುವಾಗ ಬೆನ್ನು ಮುಂದ ಮಾಡಿ ಹೊಸ್ತಿಲಾ ದಾಟತಾಳೇನು? ಮನಿಗೆ ಬರೋ ಲಕ್ಷ್ಮಿ ಮಾರಿ ಮುಂದ ಮಾಡಿ ಬರಬೇಕು."

ಹೀಗೆ ಕಾರು ಸೊಸೆಯ ಹಾಗೆ ಮುಖ ಮುಂದೆ ಮಾಡಿ ಒಳಗೆ ಬಂತು. ಅಂದು ಮಾತ್ರವಲ್ಲ, ಅಂದಿನಿಂದ ಪ್ರತಿ ದಿನವೂ ಹಾಗೇ ಬರಬೇಕೆಂದು ಅಜ್ಜಿಯ ಕಟ್ಟಪ್ಪಣೆಯಾಯಿತು. ಹೋಗುವಾಗ ಲಕ್ಷ್ಮಿ ಬೆನ್ನು ಮುಂದೆ ಮಾಡಿ ಹೋದರೆ ನಡೆಯುತ್ತದೆಯೇ ಎಂದು ಕೇಳುವ ಧೈರ್ಯ ಯಾರಿಗಿತ್ತು? ಮಾವನಿಗಂತೂ ಇರಲಿಲ್ಲ. ಮಾವ ಆ ಹೊತ್ತಿಗೆ ಒಡೆದ ಕಾಯಿಯ ಚೂರುಗಳನ್ನು ಬಹಳ ಶ್ರದ್ಧೆಯಿಂದ ಆರಿಸುತ್ತಿದ್ದರು.

ಮೊದಮೊದಲು ಇದರಿಂದ ತೊಂದರೆ ಆಗಲಿಲ್ಲ. ಅತ್ತೆ ಹಾರ್ನ್ ಒತ್ತಿ ಹಿಡಿದು ಹಿಂದಕ್ಕೆ ಬರುತ್ತಿದ್ದಳು. ಹಾರ್ನ್ ಸಾಲದಿದ್ದರೆ ನಾನು ಗೋಡೆಯ ಮೇಲಿಂದ, "ಕೊಟ್ರೇಶಾ, ಸರೀಲೇ" ಎಂದು ಕೂಗುತ್ತಿದ್ದೆ. ಮನೆಗೊಬ್ಬರಿಗೆ ಊರದೇವರ ಹೆಸರೇ ಇರುವ ಕೊಟ್ಟೂರಿನಲ್ಲಿ ಹಾಗೆ ಕೂಗಿದರೆ ಅರ್ಧ ಓಣಿ ತಾನಾಗಿ ಸರಿಯುತ್ತದೆ. ಉಳಿದ ಅರ್ಧ, ಕೊಟ್ರಮ್ಮಂದಿರು, ನಮ್ಮ ಗಂಡನನ್ನು ಯಾರು ಕೂಗಿದರು ಎಂದು ನೋಡಲು ಬಾಗಿಲಿಗೆ ಬರುತ್ತದೆ. ಒಟ್ಟಿನಲ್ಲಿ ರಸ್ತೆ ಖಾಲಿಯಾಗುತ್ತಿತ್ತು.

ಆ ವರ್ಷ ನಮ್ಮ ಗೇಟಿನ ಎದುರಿಗಿದ್ದ ಮನೆಗೆ ಕುರಿ ಸಾಕುವ ಬೀರಪ್ಪನ ಸಂಸಾರ ಬಂತು. ಗಂಡ, ಹೆಂಡತಿ, ಒಂದು ಟಗರು, ಗಂಗಿ ಎಂಬ ಒಂದು ಪುಟ್ಟ ಹುಡುಗಿ. ಬಂದ ಮರುದಿನವೋ ಮೂರನೆಯ ದಿನವೋ, ಅತ್ತೆ ಎಂದಿನಂತೆ ಹಾರ್ನ್ ಹೊಡೆಯುತ್ತ ಹಿಂದಕ್ಕೆ ಬರುತ್ತಿದ್ದಳು. ಬೀರಪ್ಪನ ಹೆಂಡತಿ ಕಿರುಚಿದ್ದು ಕೇಳಿ ಬ್ರೇಕು ತುಳಿದಳು. ಇಳಿದು ಹಿಂದೆ ಹೋಗಿ ನೋಡಿದರೆ, ಗಾಲಿಗೆ ಒಂದು ಮೊಳ ದೂರದಲ್ಲಿ ಗಂಗಿ ಕುಕ್ಕರಗಾಲಿನಲ್ಲಿ ಕುಳಿತು ಮಣ್ಣಿನಲ್ಲಿ ರೊಟ್ಟಿ ತಟ್ಟುತ್ತಿದ್ದಳು. ತಲೆ ಎತ್ತಿಯೂ ನೋಡಲಿಲ್ಲ.

"ಆಕಿಗೆ ಕೇಳಸಾದಿಲ್ರಿ ಅಕ್ಕಾರ," ಎಂದು ಬೀರಪ್ಪನ ಹೆಂಡತಿ ಓಡಿ ಬಂದು ಮಗಳನ್ನು ಅವಚಿಕೊಂಡಳು. "ಹುಟ್ಟಿದಾಗಿಂದ ಕೇಳಸಾದಿಲ್ಲ."

ಅತ್ತೆ ರಸ್ತೆಯ ಮೇಲೇ ಕುಳಿತುಬಿಟ್ಟಳು. ಲಾರಿಯವರಿಗೆ ಹೆದರದ ಹೆಂಗಸು ಗಾಲಿಯನ್ನೂ ಗಂಗಿಯನ್ನೂ ಮತ್ತೆ ಮತ್ತೆ ನೋಡಿದಳು. ನಾನು ನೀರು ತಂದುಕೊಟ್ಟೆ, ಕುಡಿಯಲಿಲ್ಲ. "ನನಗ ಕಾಣಲೇ ಇಲ್ಲಲೇ" ಎಂದು ಅದನ್ನೇ ಹೇಳಿದಳು. ಅಂದು ಸಂತೆಗೆ ಹೋಗಲಿಲ್ಲ. ರಾತ್ರಿ ಊಟಕ್ಕೆ ಕುಳಿತಾಗ ಮಾವ, "ಒಬ್ಬ ಡ್ರೈವರನ್ನ ಇಟ್ಟರಾತು" ಅಂದರು.

"ಡ್ರೈವರಗೇನು ಬೆನ್ನಾಗ ಕಣ್ಣು ಇರ್ತಾವೇನು?" ಅಂದಳು ಅತ್ತೆ. "ನೋಡ್ರಿ, ಹಾರ್ನು ಆ ಕೂಸಿಗೆ ಮುಟ್ಟೋದಿಲ್ಲ. ನನ್ನ ಕಣ್ಣರ ಮುಟ್ಟಬೇಕು. ಹಿಂದ ಪೂರಾ ಕಾಣಸೋಹಂಗ ಮಾಡ್ತೀನಿ. ಆಗದಿದ್ರ ಗಾಡಿ ಮಾರಿಬಿಡ್ರಿ, ನಾ ಇನ್ನ ಮುಟ್ಟೋದಿಲ್ಲ."

ಅವಳು ಆಡಿದರೆ ಆಡಿದ ಹಾಗೆ ಮಾಡುವವಳೇ. ಕಾರು ಹೋದರೆ ಸಂತೆ ಹೋಗುತ್ತದೆ, ಸಂತೆ ಹೋದರೆ ಅವಳು ಮತ್ತೆ ಅಡುಗೆಮನೆಗೆ. ಅದು ಅವಳಿಗೂ ಗೊತ್ತಿತ್ತು. ಗೊತ್ತಿದ್ದೂ ಹಾಗಂದಳು. ನನಗೆ ಅವಳ ಮೇಲೆ ಮೊದಲ ಸಲ ಭಯ ಮಿಶ್ರಿತ ಹೆಮ್ಮೆ ಹುಟ್ಟಿದ್ದು ಆ ಊಟದ ಹೊತ್ತಿನಲ್ಲಿ.

ಮರುದಿನದಿಂದ ಶುರುವಾಯಿತು ನೋಡಿ, ಅತ್ತೆಯ ಪ್ರದಕ್ಷಿಣೆ. ಹೊರಡುವ ಮೊದಲು ಕಾರಿನ ಸುತ್ತ ಒಂದು ಸುತ್ತು ಬರುವುದು, ಬಗ್ಗಿ ಕೆಳಗೆ ನೋಡುವುದು, ಗೇಟಿನಾಚೆ ಎಡಕ್ಕೆ ಬಲಕ್ಕೆ ನೋಡುವುದು, ಬಂದು ಸೀಟಿನಲ್ಲಿ ಕುಳಿತು, ದಿಂಬು ಸರಿಮಾಡಿಕೊಂಡು, ಸೆರಗು ಸಿಕ್ಕಿಸಿಕೊಂಡು ಕೀಲಿ ತಿರುಗಿಸುವುದು. ಅಷ್ಟರಲ್ಲಿ ಹಿಂದೆ ಒಂದು ಕೋಳಿ ಬಂದಿರಬಹುದಲ್ಲ? ಇಳಿದು ಮತ್ತೆ ಸುತ್ತು. ಕೋಳಿ ಹೋಗಿ ಬೆಕ್ಕು ಬಂದಿರಬಹುದಲ್ಲ? ಮತ್ತೆ ಸುತ್ತು. ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಹಿರಿಯರು ನಿಂತು ನೋಡಿ, "ಭಕ್ತಿ ಭಾಳ ಐತಿ ತಂಗಿ ನಿನಗ. ಆದ್ರ ಪ್ರದಕ್ಷಿಣಿ ಎಡದಿಂದ ಹಾಕಬಾರದು" ಎಂದು ತಿದ್ದಿ ಹೋದರು. ಅತ್ತೆ ಅಂದಿನಿಂದ ಬಲದಿಂದ ಹಾಕತೊಡಗಿದಳು. ಕೋಳಿಗೆ ಎರಡೂ ಒಂದೇ.

ಪ್ರದಕ್ಷಿಣೆಯಿಂದ ಆಗದು ಎನಿಸಿದಾಗ ಮಾವನನ್ನು ಹಿಂದೆ ನಿಲ್ಲಿಸಿದಳು. ನಮ್ಮ ಕಡೆ ಒಂದು ಪದ್ಧತಿ ಇದೆ, ನಿಮಗೂ ಗೊತ್ತಿರಬೇಕು. ಗಾಡಿಯೊಂದು ಹಿಂದಕ್ಕೆ ಬರುತ್ತಿದೆ ಎಂದರೆ ಅದಕ್ಕೆ ದಾರಿ ತೋರಿಸುವುದು ನೋಡಿದವರೆಲ್ಲರ ಧರ್ಮ. ಸಂಬಂಧ ಇರಬೇಕಾಗಿಲ್ಲ, ಗಾಡಿ ಹೊಡೆಯಲು ಬರಬೇಕಾಗಿಯೂ ಇಲ್ಲ. ಮಾವ, "ಬರ್ಲಿ, ಬರ್ಲಿ" ಎಂದು ಶುರು ಮಾಡಿದರೆ, ಹಾಲು ಹಾಕುವವನು ಸೈಕಲ್ ನಿಲ್ಲಿಸಿ, "ಎಡಕ್ಕ ಕಟ್ ಮಾಡ್ರಿ" ಎನ್ನುತ್ತಿದ್ದ. ಬೀರಪ್ಪ ಬಾಯಲ್ಲಿದ್ದ ಬೇವಿನ ಕಡ್ಡಿ ತೆಗೆದು, "ಬಲಕ್ಕ ಐತ್ರಿ ಇನ್ನೂ ಜಾಗ" ಎನ್ನುತ್ತಿದ್ದ. ಬಸ್ ಸ್ಟ್ಯಾಂಡಿಗೆ ಹೊರಟ ನಿವೃತ್ತ ಕಂಡಕ್ಟರರೊಬ್ಬರು ಹಳೆಯ ಅಭ್ಯಾಸಕ್ಕೆ ಡಿಕ್ಕಿಯ ಮೇಲೆ ಎರಡು ಸಲ ಬಡಿದು, "ರೈಟ್" ಎನ್ನುತ್ತಿದ್ದರು. ಹಿಂದೆ ಯಾರೂ ಇಲ್ಲ ಎಂದು ಹೇಳಲು ಹಿಂದೆ ಅರ್ಧ ಓಣಿ ನಿಂತಿರುತ್ತಿತ್ತು! ಆ ಕಾಲುಗಳ ಕಾಡಿನಲ್ಲಿ ಗಂಗಿ ಎಲ್ಲಿದ್ದಾಳೆಂದು ದೇವರಿಗೂ ಕಾಣುವಂತಿರಲಿಲ್ಲ. ಅತ್ತೆ ಎಂಜಿನ್ ಬಂದ್ ಮಾಡಿ, ಇಳಿದು, ಎಲ್ಲರಿಗೂ ಕೈಮುಗಿದು ಮನೆಗೆ ಕಳಿಸಿದಳು.

"ತಪ್ಪು ಜನರದಲ್ಲ, ಗ್ವಾಡೀದು" ಎಂದು ಅವಳಿಗೆ ಆಮೇಲೆ ಹೊಳೆಯಿತು. ಗೇಟಿನ ಎರಡೂ ಕಡೆಯ ಗೋಡೆ ಅಷ್ಟು ಎತ್ತರ ಇರುವುದರಿಂದಲೇ ಗೇಟು ದಾಟುವವರೆಗೆ ರಸ್ತೆ ಕಾಣುವುದಿಲ್ಲ. ಗೋಡೆಯೋ, ಅಜ್ಜಿಯ ಮಾವ ಕಟ್ಟಿಸಿದ್ದು. ಅಜ್ಜಿ ದಿನಕ್ಕೊಮ್ಮೆಯಾದರೂ ಅದನ್ನು ಕೈಯಿಂದ ಸವರಿ, "ಕ್ವಾಟಿ ಇದ್ದಂಗ ಐತಿ" ಎಂದು ಕೋಟೆಗೆ ಹೋಲಿಸುತ್ತಿದ್ದಳು. ಅಜ್ಜಿ ಉಜ್ಜಿನಿಗೆ ಹೋಗಿ ಎರಡು ದಿನ ಇದ್ದು ಬರುತ್ತೇನೆಂದು ಹೊರಟದ್ದೇ ತಡ, ಅತ್ತೆ ತಾನೇ ಹಾರೆ ಹಿಡಿದು ನಿಂತಳು. ಅಜ್ಜಿ ಪ್ರಸಾದ ಹಿಡಿದುಕೊಂಡು ಬಂದಾಗ ಗೋಡೆ ಸೊಂಟದ ಮಟ್ಟಕ್ಕೆ ಇಳಿದಿತ್ತು. ಅಜ್ಜಿಗೆ ಆಗಲೇ ಕಣ್ಣಿಗೆ ಪೊರೆ ಬಂದು ಸರಿಯಾಗಿ ಕಾಣುತ್ತಿರಲಿಲ್ಲ. ಕೈ ಚಾಚಿ ಸವರಿದಳು. ಗಾಳಿ ಸಿಕ್ಕಿತು.

"ಗ್ವಾಡಿ ಎಲ್ಲೈತ್ಯಬೇ?"

"ಗ್ವಾಡಿ ಐತ್ರಿ ಅತ್ತಿ. ಎತ್ತರ ಇಲ್ಲ ಅಷ್ಟ."

ಅಜ್ಜಿ ಎರಡು ದಿನ ಸೊಸೆಯ ಜೊತೆ ಮಾತಾಡಲಿಲ್ಲ. ನಿಜವಾದ ಶಿಕ್ಷೆ ಮಾತ್ರ ಮಾವನಿಗಾಯಿತು. ಅಂಗಳದ ಮೂಲೆಯಲ್ಲಿ ಹಂಡೆಯ ಹತ್ತಿರ ನಿಂತು ಸ್ನಾನ ಮಾಡುವುದು ಅವರ ಬಹುಕಾಲದ ಸುಖ. ಗೋಡೆ ಇಳಿದ ಮರುದಿನ ಮೈಗೆ ಸೋಪು ಹಚ್ಚಿಕೊಂಡು ನಿಂತಾಗ ರಸ್ತೆಯಲ್ಲಿ ಹೋಗುತ್ತಿದ್ದ ಗಿರಾಕಿಯೊಬ್ಬರು, "ಸಾಹುಕಾರ್ರ, ಅಂಗಡಿ ಎಷ್ಟು ಹೊತ್ತಿಗೆ ತೆಗಿತೀರಿ?" ಎಂದು ಕೇಳಿದರು. ಅಂದಿನಿಂದ ಮಾವ ಕುಳಿತು ಸ್ನಾನ ಮಾಡತೊಡಗಿದರು.

ಗೋಡೆ ಇಳಿದು ರಸ್ತೆಯ ಎರಡು ಮಗ್ಗುಲೂ ಕಂಡವು, ಸರಿ. ಆದರೆ ಕಾರಿನ ಬೆನ್ನ ಹಿಂದೆ ಕುಳಿತ ಗಂಗಿ? ಅವಳು ಡಿಕ್ಕಿಗಿಂತ ಗಿಡ್ಡ. ಅದಕ್ಕೆ ಕನ್ನಡಿ ಬೇಕು, ಅದೂ ರಸ್ತೆಯ ಆಚೆ ಬದಿ ಎತ್ತರದಲ್ಲಿ, ಇಡೀ ಓಣಿಯನ್ನು ನುಂಗುವಂಥ ಕನ್ನಡಿ. ಅಂಥದ್ದು ಕೊಟ್ಟೂರಿನಲ್ಲಿ ಎಲ್ಲಿ ಸಿಗಬೇಕು? ಅತ್ತೆ ನನ್ನನ್ನು ಕರೆದುಕೊಂಡು ನಮ್ಮದೇ ಅಂಗಡಿಗೆ ನಡೆದಳು. ಒಂದೊಂದೇ ಪಾತ್ರೆ ಎತ್ತಿ, ಬೋರಲು ಹಿಡಿದು, ಅದರ ತಳದಲ್ಲಿ ಬಜಾರು ಎಷ್ಟು ಕಾಣುತ್ತದೆಂದು ನೋಡಿದಳು. ಅಗಲ ತಟ್ಟೆಯಂಥ ಪರಾತದಲ್ಲಿ ಒಂದು ಅಂಗಡಿ ಕಂಡಿತು. ಚರಿಗೆಯಲ್ಲಿ ಎಲ್ಲರೂ ಕೋಲಿನಂತೆ ಕಂಡರು. ಕೊನೆಗೆ ಮದುವೆಗೆ ಕೊಡುವ ದೊಡ್ಡ ದುಂಡು ತಳದ ಸ್ಟೀಲ್ ಬೋಗುಣಿ ಎತ್ತಿ ಹಿಡಿದಾಗ ಅವಳ ಮುಖ ಅರಳಿತು. ಆ ಮೂಲೆಯಿಂದ ಈ ಮೂಲೆಯವರೆಗೆ ಇಡೀ ಬಜಾರು ಸಣ್ಣಗೆ, ಬಗ್ಗಿ, ಅದರಲ್ಲಿ ಕೂತಿತ್ತು. ಪಾತ್ರೆ ಕೊಳ್ಳಲು ಬಂದ ಹೆಂಗಸೊಬ್ಬಳು ಮಾವನನ್ನು ಮೆಲ್ಲಗೆ, "ತಳದಾಗ ನೋಡಿ ಏನು ತಿಳಕೊಂತಾರ್ರಿ?" ಎಂದು ಕೇಳಿದಳು. ಮಾವ, "ಹಿಂದಿಂದು ತಿಳಕೊಂತಾರ" ಅಂದರು. ಆ ಹೆಂಗಸು ತನ್ನ ಹಿಂದಿನದು ಯಾರಿಗೂ ತಿಳಿಯದಿರಲಿ ಎಂಬಂತೆ ಬೇಗ ಬೇಗ ಹೊರಟಳು.

ಬೋಗುಣಿ ಬೀರಪ್ಪನ ಮನೆಯ ಗೋಡೆಗೆ ಬೋರಲಾಗಿ ಏರಿತು. ನಾಲ್ಕು ದಿನ ಅತ್ತೆಯಷ್ಟು ಸುಖಿ ಯಾರೂ ಇರಲಿಲ್ಲ. "ಪೂರಾ ಓಣಿ ಕಾಣತೈತಿ, ಗಂಗೀನೂ ಕಾಣತಾಳ, ಆಕಿ ಕೈಯಾಗಿನ ಮಣ್ಣೂ ಕಾಣತೈತಿ" ಎಂದು ಕಂಡವರಿಗೆಲ್ಲ ಹೇಳಿದಳು. ಓಣಿಯ ಹೆಂಗಸರು ನೀರಿಗೆ ಹೋಗುವಾಗ ಅದರಲ್ಲಿ ಕುಂಕುಮ ಸರಿಮಾಡಿಕೊಳ್ಳಲು ನಿಂತು, ಊದಿಕೊಂಡ ತಮ್ಮ ಗಲ್ಲ ನೋಡಿ, "ನನ್ನ ಮಾರಿ ಹಿಂಗೈತೇನು?" ಎಂದು ಗಾಬರಿಯಾಗಿ ಅರ್ಧ ರೊಟ್ಟಿ ಕಡಿಮೆ ಮಾಡಿದರು. ಐದನೆಯ ದಿನ ಬೀರಪ್ಪನ ಟಗರು ಕಟ್ಟು ಬಿಚ್ಚಿಕೊಂಡು ಕಟ್ಟೆ ಹತ್ತಿತು. ಬೋಗುಣಿಯಲ್ಲಿ ತನ್ನನ್ನೇ ದಿಟ್ಟಿಸುತ್ತಿದ್ದ ಇನ್ನೊಂದು ಟಗರನ್ನು ನೋಡಿತು. ಅದರ ತಲೆ ಅದರ ಮೈಗಿಂತ ದೊಡ್ಡದಾಗಿ ಉಬ್ಬಿತ್ತು. ಯಾವ ಟಗರು ಸಹಿಸೀತು? ನಾಲ್ಕು ಹೆಜ್ಜೆ ಹಿಂದೆ ಸರಿದು ಗುದ್ದಿತು. ನಡುವೆ ಒಂದು ತಗ್ಗು ಬಿದ್ದು, ಅಂದಿನಿಂದ ಅದರಲ್ಲಿ ಎಲ್ಲವೂ ಎರಡೆರಡಾಗಿ ಕಾಣತೊಡಗಿದವು. ಒಬ್ಬಳು ಗಂಗಿಗೆ ಹೆದರುತ್ತಿದ್ದ ಅತ್ತೆ ಈಗ ಇಬ್ಬರು ಗಂಗಿಯರಿಗೆ ಹೆದರಬೇಕಾಯಿತು.

ಕನ್ನಡಿ ಹೋದರೆ ಹೋಗಲಿ, ಗಂಗಿಯೇ ಎದ್ದು ಕಾಣುವಂತೆ ಮಾಡೋಣ ಎಂದು ಅತ್ತೆ ಅವಳಿಗೆ ಒಂದು ಫ್ರಾಕು ಹೊಲಿ‌ಸಿದಳು. ಬಣ್ಣ ಕಿತ್ತಳೆ. ಎಂಥಾ ಕಿತ್ತಳೆ ಎಂದರೆ, ನೋಡಿದವರಿಗೆ ಕಣ್ಣಲ್ಲಿ ನೀರು ಬರಬೇಕು. ಗಂಗಿಗೆ ಅದು ಎಷ್ಟು ಇಷ್ಟವಾಯಿತೆಂದರೆ ಹಾಕಿಕೊಂಡು ನಮ್ಮ ಅಂಗಳಕ್ಕೆ ಬಂದು ಅತ್ತೆಯ ಸುತ್ತ ಗಿರಗಿರ ತಿರುಗಿದಳು. ಅತ್ತೆ ಅವಳನ್ನು ಎತ್ತಿ ಸ್ಟೇರಿಂಗಿನ ಮುಂದೆ ಕೂರಿಸಿದಳು. ಅಂದಿನಿಂದ ಇಬ್ಬರಿಗೂ ಗೆಳೆತನ. ಅತ್ತೆ ಅಂಗೈ ತಿರುಗಿಸಿದರೆ ಕಾರು ಎಂದು, ಮುಷ್ಟಿ ಬಾಯಿಗೆ ಒಯ್ದರೆ ಬೆಲ್ಲ ಎಂದು, ಇಬ್ಬರ ನಡುವೆ ಕೈಮಾತು ಬೆಳೆಯಿತು. ಅತ್ತೆ ಸಂತೆಯಿಂದ ಬರುವ ಹೊತ್ತಿಗೆ ಗಂಗಿ ಎದುರು ಕಟ್ಟೆಯ ಮೇಲೆ ಕೂತು ಕಾಯುತ್ತಿದ್ದಳು. ಮಕ್ಕಳಿಲ್ಲದ ಮನೆ ನಮ್ಮತ್ತೆಯದು. ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಫ್ರಾಕಿನ ಕಥೆ ಏನಾಯಿತು ಅಂತೀರಾ? ಒಂದು ಬೆಳಿಗ್ಗೆ ಕಾರಿನ ಹಿಂದೆ ಕಿತ್ತಳೆ ಬಣ್ಣ ಕಂಡಿತು. ಅತ್ತೆ ಕಾದಳು. ಸರಿಯಲಿಲ್ಲ. ಇನ್ನೂ ಕಾದಳು. ಕೊನೆಗೆ ಇಳಿದು ಹೋಗಿ ನೋಡಿದರೆ, ಗಂಗಿ ತನ್ನ ಫ್ರಾಕನ್ನು ಒಂದು ಕುರಿಮರಿಗೆ ತೊಡಿಸಿ, ತಾನು ಬರೀ ಚಡ್ಡಿಯಲ್ಲಿ ಕಟ್ಟೆಯ ಮೇಲೆ ಕೂತು ಅಂದ ನೋಡುತ್ತಿದ್ದಳು. ಅತ್ತೆ ಕುರಿಮರಿಗೂ ನಮಸ್ಕಾರ ಹೇಳಿ, ಅದು ಹೋಗುವವರೆಗೆ ಕಾದು ಕಾರು ತೆಗೆದಳು.

ಹೀಗೆ ವರ್ಷಗಳು ಉರುಳಿದವು. ಸಂತೆಗೆ ತಡವಾಗುತ್ತಿತ್ತು, ಓಣಿಯವರು ನಗುತ್ತಿದ್ದರು, ಮಾವ ಗೊಣಗುತ್ತಿದ್ದರು. ಆದರೆ ನಮ್ಮ ಗೇಟಿನ ಮುಂದೆ ಒಂದು ಕೋಳಿಮರಿಯ ಪುಕ್ಕವೂ ಗಾಲಿಗೆ ಸಿಗಲಿಲ್ಲ. ಇದನ್ನು ನಾನು ಎದೆ ತಟ್ಟಿಕೊಂಡು ಹೇಳುತ್ತೇನೆ.

ಆ ನಡುವೆ ಊರಿನಲ್ಲಿ ಕಣ್ಣಿನ ಶಿಬಿರ ನಡೆಯಿತು. ಅತ್ತೆ ಹಟ ಹಿಡಿದು ಅಜ್ಜಿಯ ಪೊರೆ ತೆಗೆಸಿದಳು. ಪಟ್ಟಿ ಬಿಚ್ಚಿದ ಮೇಲೆ ಅಜ್ಜಿ ಕರಿ ಕನ್ನಡಕ ಹಾಕಿಕೊಂಡು ಕಟ್ಟೆಯ ಮೇಲೆ ದರ್ಬಾರಿಗೆ ಕುಳಿತಳು. ಸೊಸೆ ಇಳಿಯುವುದು, ಸುತ್ತುವುದು, ಬಗ್ಗುವುದು, ಹತ್ತುವುದು, ಮತ್ತೆ ಇಳಿಯುವುದು, ಎಲ್ಲವನ್ನೂ ಮೊದಲ ಸಲ ಕಣ್ಣಾರೆ ಕಂಡಳು. ಎದುರಿಗೆ ಗಂಗಿ ಆಡುವುದನ್ನೂ ಕಂಡಳು. ಒಂದು ಸಂಜೆ ಕೋಲು ಊರಿಕೊಂಡು ಕಾರಿನ ಸುತ್ತ ತಾನೇ ಒಂದು ಸುತ್ತು ಬಂದು ಸೊಸೆಯನ್ನು ಕರೆದಳು.

"ಇಲ್ಲಿ ಕೆಂಪಗ ಇರೋವು ಏನಬೇ ಇವು?"

"ಹಿಂದಿನ ಲೈಟ್ರಿ ಅತ್ತಿ."

"ಮುಂದ ಇರೋವು?"

"ಅವೂ ಲೈಟ್ರಿ. ಬೆಳ್ಳನೋವು."

"ಬೆಳ್ಳನ ಕಣ್ಣು ಅಂದ್ರ ಪೊರಿ ಬಂದ ಕಣ್ಣು. ಅವು ಕುರುಡು ಇರ್ತಾವ, ನನಗ ಗೊತ್ತಿಲ್ಲೇನು? ಇವು ನೋಡು, ಕೆಂಪಗ ಅದಾವ, ಜೀವಂತ ಅದಾವ. ಗಾಡಿ ಮಾರಿ ಇರೋದು ಈ ಕಡಿಗೆ." ಅಜ್ಜಿ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದ ವಿಭೂತಿಯನ್ನು ಡಿಕ್ಕಿಯ ಮೇಲೆ ಮೂರು ಬೆರಳಿನಿಂದ ಎಳೆದಳು. "ಇಷ್ಟು ವರ್ಷ ಲಕ್ಷ್ಮೀನ ಬೆನ್ನು ಮುಂದ ಮಾಡಿ ಒಳಗ ತಂದೀಯಲ್ಲ, ನನಗ ಕಾಣತಿರಲಿಲ್ಲ, ನಿನಗರ ತಿಳೀಬಾರದೇನು? ನಾಳಿಂದ ಮಾರಿ ಮುಂದ ಮಾಡಿ ತಾ."

ಅಳಿಯ ಅಲ್ಲ, ಮಗಳ ಗಂಡ ಅನ್ನುವ ನ್ಯಾಯ ಇದು! ಅತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡು ಅಡುಗೆಮನೆಗೆ ಓಡಿದಳು. ಮರುದಿನದಿಂದ ಕಾರು ಸಂಜೆ ಹಿಮ್ಮುಖವಾಗಿ ಒಳಗೆ ಬಂತು, ಬೆಳಿಗ್ಗೆ ನೇರವಾಗಿ ಹೊರಟಿತು. ಅಜ್ಜಿಯ ಮಾತೂ ಉಳಿಯಿತು, ಅತ್ತೆಯ ಕಾರೂ ಉಳಿಯಿತು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಕಾರಿನ ಚಿಂತೆ ತೀರಿದ ಮೇಲೆ ಅತ್ತೆಗೆ ಗಂಗಿಯ ಚಿಂತೆ ಹತ್ತಿತು. ಅವಳಿಗೆ ಆಗಲೇ ಏಳು ವರ್ಷ. ಊರ ಶಾಲೆಯಲ್ಲಿ ಮೂಲೆಯಲ್ಲಿ ಕೂತು ಬರುತ್ತಿದ್ದಳು. ದಾವಣಗೆರೆಯಲ್ಲಿ ಕಿವಿ ಕೇಳದ ಮಕ್ಕಳಿಗೆಂದೇ ಒಂದು ಶಾಲೆ ಇದೆ, ಅಲ್ಲೇ ಉಳಿದು ಓದಬಹುದು ಎಂದು ಅತ್ತೆ ಎಲ್ಲಿಂದಲೋ ತಿಳಿದುಕೊಂಡು ಬಂದಳು. ಬೀರಪ್ಪ ಒಪ್ಪಲಿಲ್ಲ.

"ಕೇಳಸೋದಿಲ್ಲ, ಮಾತಿಲ್ಲ. ಕಣ್ಣ ಮುಂದರ ಇರ್ಲಿ ಬಿಡ್ರಿ ಅಕ್ಕಾರ" ಅಂದ.

"ಬೀರಪ್ಪ, ಆಕಿ ಗಾಲಿಗೆ ಸಿಗದಂಗ ನಾ ನೋಡ್ಕೊಂಡೀನಿ, ಅಷ್ಟ" ಅಂದಳು ಅತ್ತೆ. "ಅಷ್ಟಕ್ಕ ಒಂದು ಜೀವ ಬೆಳೀತೈತೇನು? ನನಗೇನು ಆಕಿನ್ನ ಬಿಟ್ಟು ಇರೋದು ಸಸಾರ ಅಂತ ಮಾಡೀಯೇನು?"

ಬೀರಪ್ಪ ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡ. ಆಮೇಲೆ, "ನೀವ ಕರಕೊಂಡು ಹೋಗೋದಾದ್ರ ಆಗಲ್ರಿ" ಅಂದ.

ಜೂನ್ ತಿಂಗಳ ಒಂದು ಬೆಳಿಗ್ಗೆ ಹೊರಟೆವು. ಬೀರಪ್ಪ, ಅವನ ಹೆಂಡತಿ, ನಾನು ಹಿಂದಿನ ಸೀಟಿನಲ್ಲಿ. ಗಂಗಿ ಮುಂದೆ, ಅತ್ತೆಯ ಪಕ್ಕದಲ್ಲಿ, ದಾರಿಯುದ್ದಕ್ಕೂ ಕಿಟಕಿಯ ಹೊರಗೆ ಕೈ ತೋರಿಸುತ್ತಿದ್ದಳು. ಶಾಲೆಯ ಗೇಟು ದಾಟಿ ಅತ್ತೆ ಕಾರನ್ನು ನೇರ ಆಫೀಸಿನ ಮೆಟ್ಟಿಲವರೆಗೆ ಒಯ್ದು ನಿಲ್ಲಿಸಿದಳು. ಎರಡೂ ಕಡೆ ಗಿಡಗಳ ಸಾಲು, ತಿರುಗಿಸಲು ಜಾಗವಿಲ್ಲ. ಆ ಅವಸರದಲ್ಲಿ ಅವಳು ಅದನ್ನು ಗಮನಿಸಲಿಲ್ಲ.

ದಾಖಲಾತಿ ಮುಗಿಯಿತು. ಗಂಗಿ ಟೀಚರಮ್ಮನ ಕೈ ಹಿಡಿದು ಮೆಟ್ಟಿಲ ಮೇಲೆ ನಿಂತಳು. ಅವಳ ತಾಯಿ ಕಾರಿನೊಳಗೆ ಮುಖ ಮುಚ್ಚಿಕೊಂಡು ಕೂತಳು, ಬೀರಪ್ಪ ರುಮಾಲಿನ ಚುಂಗಿನಿಂದ ಕಣ್ಣು ಒರೆಸಿಕೊಂಡ. ಅತ್ತೆ ಕೀಲಿ ತಿರುಗಿಸಿ, ಗೇರು ಹಾಕಲು ಹೋಗಿ, ಹಿಂದೆ ನೋಡಿದಳು. ಅಂಗಳದ ತುಂಬ ಮಕ್ಕಳು. ಓಡುವವರು, ಬೀಳುವವರು, ಗಿಡದ ಬುಡದಲ್ಲಿ ಕೂತವರು. ಒಬ್ಬರಿಗೂ ಕೇಳುವುದಿಲ್ಲ. ಗೇಟಿನ ಕಾವಲುಗಾರ ಅಭ್ಯಾಸಬಲದಿಂದ, "ಹಾರ್ನ್ ಹೊಡೀರಿ ಅಮ್ಮಾರೆ" ಎಂದು ಕೂಗಿ, ತಕ್ಷಣ ನಾಲಿಗೆ ಕಚ್ಚಿಕೊಂಡ. ಅತ್ತೆ ಎಂಜಿನ್ ಬಂದ್ ಮಾಡಿ ಕೈ ಕಟ್ಟಿ ಕುಳಿತಳು.

"ಸಂಜಿ ಆದ್ರೂ ಆಗಲಿ, ನಾ ತೆಗಿಯೋದಿಲ್ಲ" ಅಂದಳು.

ಮಧ್ಯಾಹ್ನ ಊಟದ ಹೊತ್ತಾಯಿತು. ಟೀಚರೊಬ್ಬರು ಬಂದು ಕೈ ಮೇಲೆತ್ತಿದರು. ಮಕ್ಕಳೆಲ್ಲ ತಟ್ಟೆ ಹಿಡಿದು ಒಳಗೆ ಹೋದರು. ಅಂಗಳ ಖಾಲಿಯಾಯಿತು. ಮೆಟ್ಟಿಲ ಮೇಲೆ ಗಂಗಿ ಒಬ್ಬಳೇ, ಟೀಚರಮ್ಮನ ಕೈ ಬಿಡದೆ, ನಮ್ಮನ್ನೇ ನೋಡುತ್ತ ಉಳಿದಳು.

ನಾನು ಇಳಿದು ಹಿಂದೆ ಹೋದೆ. ಗಾಲಿಯ ಕೆಳಗೆ, ಗಿಡಗಳ ಸಂದಿಯಲ್ಲಿ, ಗೇಟಿನ ಆಚೆ, ಎಲ್ಲ ನೋಡಿದೆ. "ಯಾರೂ ಇಲ್ಲತ್ತಿ, ಬಾ" ಅಂದೆ.

ಕಾರು ಶುರುವಾಯಿತು. ಅತ್ತೆ ಈಗ ಹೊರಳಿ ಹಿಂದೆ ನೋಡಬೇಕಿತ್ತು. ಅವಳ ತಲೆ ತಿರುಗಲಿಲ್ಲ.

"ಅತ್ತಿ, ಹಿಂದ ನೋಡು."

"ಹಿಂದ ನೀ ನೋಡಲೇ."

ಮಾವ ಹಿಂದೆ ನಿಂತ ದಿನಗಳಲ್ಲೂ ಹಿಂದೆ ನೋಡುವ ಕೆಲಸವನ್ನು ಅವಳು ಪೂರ್ತಿಯಾಗಿ ಇನ್ನೊಬ್ಬರ ಕಣ್ಣಿಗೆ ಒಪ್ಪಿಸಿದ್ದೇ ಇಲ್ಲ. ಕಾರು ನಿಧಾನವಾಗಿ, ನೂಲು ಹಿಡಿದಂತೆ ನೇರವಾಗಿ ಹಿಂದಕ್ಕೆ ಬಂತು. ನಾನು ಡಿಕ್ಕಿಯ ಮೇಲೆ ಕೈ ಇಟ್ಟುಕೊಂಡು ಜೊತೆಗೆ ನಡೆದೆ. ಆಚೆ ಮೆಟ್ಟಿಲ ಮೇಲೆ ಗಂಗಿ ಸಣ್ಣಗಾಗುತ್ತ ಹೋದಳು. ಅವಳು ಅಂಗೈ ತಿರುಗಿಸುತ್ತಿದ್ದದ್ದು ನನಗೂ ಕಂಡಿತು.

ಗೇಟು ದಾಟಿ ರಸ್ತೆಯ ಮಗ್ಗುಲಿಗೆ ಬಂದಾಗ ಕಾರು ನಿಂತಿತು. ನಾನು ಬಾಗಿಲು ತೆಗೆದು ಅತ್ತೆಯ ಪಕ್ಕದಲ್ಲಿ, ಗಂಗಿ ಕೂತಿದ್ದ ಸೀಟಿನಲ್ಲಿ ಕುಳಿತೆ. ಅತ್ತೆಯ ಮುಖದಲ್ಲಿ ಇನ್ನೂ ದೊಡ್ಡ ನಗು ಇತ್ತು. ನನಗೆ ಅರ್ಥವಾಗಲಿಲ್ಲ.

"ಹಿಂದಕ್ಕ ಬಂದಿದ್ದು ಚಲೋ ಆತು ನೋಡು" ಅಂದಳು. "ಮುಂದಕ್ಕ ಹೋಗೋಹಂಗಿದ್ರ ಆ ಕೂಸಿಗೆ ನಾ ಬೆನ್ನು ತೋರಿಸಿ ಬರಬೇಕಾಗತಿತ್ತು. ಗೇಟಿನತನಕ ಆಕಿ ನನ್ನ ಮಾರೀನ ನೋಡಾಕ ಹತ್ತಿದ್ಲು. ಅದಕ್ಕ ನಾ ನಕ್ಕೊಂತನ ಬಂದೆ."

ಅಷ್ಟು ಹೇಳಿ ಸ್ಟೇರಿಂಗಿನ ಮೇಲೆ ತಲೆ ಇಟ್ಟು, ನಮ್ಮತ್ತೆ ಸಣ್ಣ ಹುಡುಗಿಯ ಹಾಗೆ ಅತ್ತಳು.